ಮೆಣಸಿನ ಚೀಲವೂ ಬಿ.ಕಾಂ. ಪದವೀಧರನೂ

ಸಾಹಿತ್ಯ ಕೂಟದ ಪತ್ರಿಕೆಗೆ ಕಾಮರ್ಸಿನವನೊಬ್ಬ ಲೇಖನ ಕೊಡುತ್ತೇನೆ ಅಂದರೆ ಸಂಪಾದಕರು ಮೊದಲು ಕೇಳುವುದು, "ಕಥೆಯೋ, ಕವನವೋ?" ಎಂದು. ಎರಡೂ ಅಲ್ಲ, ಕರಿಮೆಣಸು ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಬರಿ, ಆದರೆ ಜರ್ನಲ್ ಎಂಟ್ರಿ ಹಾಕಬೇಡ" ಎಂದರು. ಒಂದೆರಡು ಲೆಕ್ಕ ಬರುತ್ತವೆ, ವಾಚಕರು ಕ್ಷಮಿಸಬೇಕು.

ವಿಷಯ ಶುರುವಾದದ್ದು ಹೀಗೆ. ಕಳೆದ ವರ್ಷ ನಮ್ಮ ಕಾಲೇಜಿನ ನೋಟೀಸ್ ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿದ್ದರು. ವಾಣಿಜ್ಯ ಪದವೀಧರರು ಮತ್ತು ಪದವಿ ವಿದ್ಯಾರ್ಥಿಗಳು ಬೇಕಾಗಿದ್ದಾರೆ, ವಿದೇಶದ ಒಂದು ದ್ವೀಪದಲ್ಲಿ ಸಾಂಬಾರ ಪದಾರ್ಥ ಬೆಳೆಯುವ ರೈತರ ನಡುವೆ ಆರು ವಾರ ಸ್ವಯಂಸೇವೆ, ಕೊನೆಗೆ ಸರ್ಟಿಫಿಕೇಟು, ವಿಮಾನದ ಖರ್ಚು, ಊಟ, ವಸತಿ ಎಲ್ಲ ಸ್ವಯಂಸೇವಕನದೇ. ನಾನು ಎರಡು ಸಲ ಓದಿದೆ. ಹಿಂದೆ ನಿಂತಿದ್ದ ಗೆಳೆಯ, "ಲವಂಗದ ತೋಟದಲ್ಲಿ ಕೂತು ನೀನು ಬ್ಯಾಲೆನ್ಸ್ ಶೀಟ್ ಬರೀತೀಯೇನೋ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು. ನಿಜಕ್ಕೂ ಒಬ್ಬ ಬಿ.ಕಾಂ. ಓದಿದವನು ಅಲ್ಲಿ ಹೋಗಿ ಮಾಡುವುದೇನು?

ಅದೇ ಮೇ ತಿಂಗಳ ರಜೆಯಲ್ಲಿ ಶಿರಸಿ ಸೀಮೆಯ ಅಜ್ಜಿಯ ಮನೆಗೆ ಹೋಗಿದ್ದೆ. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಅವಳ ವರ್ಷದ ಕೈಖರ್ಚು. ಅಜ್ಜಿ ಗೋಡೆಯ ಮೊಳೆಗೆ ಚುಚ್ಚಿಟ್ಟಿದ್ದ ಒಂದು ಚೀಟಿ ತೆಗೆದುಕೊಟ್ಟು, "ನೀ ಲೆಕ್ಕ ಓದೋನಲ್ಲವನೋ, ಇದೇನು ನೋಡು" ಅಂದಳು. ಫೆಬ್ರವರಿಯಲ್ಲಿ ಮನೆಬಾಗಿಲಿಗೆ ಬಂದ ವ್ಯಾಪಾರಿ ಕೊಟ್ಟ ಚೀಟಿ. ಅದರಲ್ಲಿ ಎರಡು ಚೀಲಕ್ಕೆ 112, ಅದರ ಕೆಳಗೆ 9, ಅದರ ಕೆಳಗೆ ಗೆರೆ ಎಳೆದು 103. ಆಮೇಲೆ ದರ, ಮೊತ್ತ, ಅದರಿಂದ ಮುಂಗಡ ಕಳೆದು ಉಳಿದದ್ದು. ಕೂಡು-ಕಳೆ ಎಲ್ಲ ಸರಿಯಾಗಿತ್ತು. ಆದರೆ ಆ 9 ಯಾತಕ್ಕೆ? ಅಜ್ಜಿಗೂ ಗೊತ್ತಿರಲಿಲ್ಲ. ಬಿ.ಕಾಂ. ಎರಡನೇ ವರ್ಷ ಮುಗಿಸಿದ ನನಗೂ ಗೊತ್ತಾಗಲಿಲ್ಲ. "ಕೇಳಿ ಹೇಳ್ತೇನೆ" ಅಂದು ಚೀಟಿಯನ್ನು ಜೇಬಿಗೆ ಹಾಕಿಕೊಂಡು ಮುಂಬಯಿಗೆ ಬಂದೆ.

ಈ ಲೇಖನ ಆ ಎರಡು ಚೀಟಿಗಳ ಬಗ್ಗೆ.

ಸ್ವಯಂಸೇವಕರು ಯಾರು?

ತನ್ನ ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಹೋಗಿ, ಸಂಬಳವಿಲ್ಲದೆ ಅಥವಾ ಬರೀ ಊಟ-ವಸತಿಗೆ ಸಾಕಾಗುವಷ್ಟು ಭತ್ಯೆ ಪಡೆದು ಕೆಲಸ ಮಾಡುವ ಪದ್ಧತಿ ಮಿಶನರಿಗಳ ಕಾಲದಿಂದ ಇದೆ. ಅದಕ್ಕೆ ಇಂದಿನ ರೂಪ ಬಂದದ್ದು ಎರಡನೇ ಮಹಾಯುದ್ಧದ ನಂತರ. ಇಂಗ್ಲೆಂಡಿನಲ್ಲಿ 1958ರಲ್ಲಿ ಅಲೆಕ್ ಡಿಕ್ಸನ್ ಮತ್ತು ಅವರ ಪತ್ನಿ ಮೋರಾ ಸೇರಿ ವಾಲಂಟರಿ ಸರ್ವಿಸ್ ಓವರ್‌ಸೀಸ್, ಅಂದರೆ ವಿ.ಎಸ್.ಓ., ಎಂಬ ಸಂಸ್ಥೆ ಆರಂಭಿಸಿದರು. ಮೊದಲು ಕಳಿಸಿದ್ದು ಆಗಷ್ಟೇ ಶಾಲೆ ಮುಗಿಸಿದ ಹದಿನೆಂಟರ ಹುಡುಗರನ್ನು. ಹೋದ ದೇಶದವರು ನಮಗೆ ಹುಡುಗರು ಬೇಡ, ಏನಾದರೂ ಕೆಲಸ ಬಲ್ಲವರು ಬೇಕು ಎನ್ನತೊಡಗಿದಾಗ ಪದವೀಧರರನ್ನೂ ಆಮೇಲೆ ಕಸುಬುದಾರರನ್ನೂ ಕಳಿಸಿದರು. ಹೀಗೆ ದಾದಿ, ಶಿಕ್ಷಕ, ಎಂಜಿನಿಯರ್ ಇವರ ಸಾಲಿಗೆ ಲೆಕ್ಕ ಬರೆಯುವವನೂ ಮಾರಾಟ ಬಲ್ಲವನೂ ಸೇರಿದರು. ಮುಂದೆ ಭಾರತ, ಕೀನ್ಯಾ, ಫಿಲಿಪ್ಪೀನ್ಸ್ ದೇಶದವರನ್ನೂ ಅದೇ ಸಂಸ್ಥೆ ಬೇರೆ ದೇಶಗಳಿಗೆ ಕಳಿಸಿತು. ಹಾಲೆಂಡಿನಲ್ಲಿ 1978ರಲ್ಲಿ ಹುಟ್ಟಿದ ಪಮ್ ಎಂಬ ಸಂಸ್ಥೆಯದು ಇನ್ನೊಂದು ದಾರಿ. ಅದು ಉದ್ಯಮದಲ್ಲಿ ಪಳಗಿದ ಹಿರಿಯರನ್ನು ಚಿಕ್ಕ ಚಿಕ್ಕ ಅವಧಿಗೆ ಸಲಹೆ ಕೊಡಲು ಕಳಿಸುತ್ತದೆ.

ಅಮೆರಿಕದ ಪೀಸ್ ಕೋರ್ ಹುಟ್ಟಿದ್ದು 1961ರಲ್ಲಿ, ಅಧ್ಯಕ್ಷ ಕೆನಡಿಯವರ ಕಾಲದಲ್ಲಿ. ಅದರ ಸ್ವಯಂಸೇವಕರು 1961ರಿಂದ 1976ರವರೆಗೆ ಭಾರತದಲ್ಲಿ ಇದ್ದರು. ನಮ್ಮ ಚೆಂಬೂರಿಗೆ ಹತ್ತಿರದ ಉದಾಹರಣೆಯೊಂದಿದೆ. ವಿಕ್ರೋಲಿಯಲ್ಲಿ 1966ರಿಂದ 1968ರವರೆಗೆ ಲಿಲಿಯನ್ ಕಾರ್ಟರ್ ಎಂಬ ದಾದಿ ಪೀಸ್ ಕೋರ್ ಮೂಲಕ ಕೆಲಸ ಮಾಡಿದರು. ಬರುವಾಗ ಅವರಿಗೆ 68 ವರ್ಷ. ಅವರ ಮಗ ಜಿಮ್ಮಿ ಕಾರ್ಟರ್ 1977ರಲ್ಲಿ ಅಮೆರಿಕದ ಅಧ್ಯಕ್ಷರಾದರು. ನಾವು ದಿನಾ ಲೋಕಲ್ ಬದಲಿಸುವ ಊರುಗಳ ನಡುವೆಯೇ ಹೊರದೇಶದ ಅಜ್ಜಿಯೊಬ್ಬರು ರೋಗಿಗಳ ಸೇವೆ ಮಾಡಿದ್ದರು ಅಂತ ತಿಳಿದಾಗ ನನಗೆ ಆಶ್ಚರ್ಯವಾಯಿತು.

ದಾದಿ ಬಂದರೆ ಕೆಲಸ ಏನೆಂದು ಕೇಳಬೇಕಾಗಿಲ್ಲ. ಕಾಯಿಲೆಯವರು ಎದುರಿಗೇ ಇರುತ್ತಾರೆ. ಬಿ.ಕಾಂ. ಬಂದರೆ ಹಾಗಲ್ಲ. ಮೆಣಸಿನ ಬಳ್ಳಿಗೆ ಏಣಿ ಹಾಕಲು ಅವನಿಗೆ ಬರುವುದಿಲ್ಲ, ರೋಗ ಬಂದರೆ ಔಷಧ ಗೊತ್ತಿಲ್ಲ. ಅವನ ಕೆಲಸ ಇರುವುದು ಬಳ್ಳಿಯಿಂದ ಇಳಿದ ಮೇಲೆ. ಅದನ್ನು ತಿಳಿಯಬೇಕಾದರೆ ಮೆಣಸಿನ ಹಿಂದೆಯೇ ಸ್ವಲ್ಪ ದೂರ ಹೋಗಬೇಕು.

ಬಳ್ಳಿಯಿಂದ ವಾಶಿಯವರೆಗೆ

ಕರಿಮೆಣಸು ನಮ್ಮ ಪಶ್ಚಿಮ ಘಟ್ಟದ್ದೇ ಬೆಳೆ. 16ನೇ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ನಮ್ಮಲ್ಲಿ ಕೊಯ್ಲು ಡಿಸೆಂಬರಿನಿಂದ ಮಾರ್ಚಿನ ಆಚೀಚೆ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ದು, ಕಾಳು ಬಿಡಿಸಿ, ಬಿಸಿಲಿಗೆ ಹರಡುತ್ತಾರೆ. ಹಸಿ ಮೆಣಸು 100 ಕಿಲೋ ಇದ್ದರೆ ಒಣಗಿ ಸುಮಾರು 33 ಕಿಲೋ ಆಗುತ್ತದೆ. ಇಷ್ಟು ಅಜ್ಜಿಗೆ ನನಗಿಂತ ಚೆನ್ನಾಗಿ ಗೊತ್ತು. ಹಲ್ಲಿನಲ್ಲಿ ಕಚ್ಚಿ, ಕಟಕ್ ಅಂದರೆ ಒಣಗಿದೆ ಅನ್ನುತ್ತಾಳೆ.

ಅಲ್ಲಿಂದ ಮುಂದಿನದು ಅವಳಿಗೆ ಕಾಣದ ಲೋಕ. ಅದನ್ನು ನೋಡಲೆಂದೇ ನಾನು ಒಂದು ದಿನ ಚೆಂಬೂರಿನಲ್ಲಿ ಹಾರ್ಬರ್ ಲೈನ್ ಹತ್ತಿ, ಮಾನ್‌ಖುರ್ದ್ ದಾಟಿ, ಖಾಡಿಯ ಸೇತುವೆ ದಾಟಿ ವಾಶಿಯ ಎ.ಪಿ.ಎಂ.ಸಿ.ಯ ಮಸಾಲಾ ಮಾರುಕಟ್ಟೆಗೆ ಹೋದೆ. ಹಿಂದೆ ಮಸ್ಜಿದ್ ಬಂದರಿನ ಗಲ್ಲಿಗಳಲ್ಲಿ ಇದ್ದ ದೊಡ್ಡ ಸಗಟು ವ್ಯಾಪಾರ ಬಹಳಷ್ಟು ಈಗ ಅಲ್ಲಿದೆ. ಒಳಗೆ ಕಾಲಿಟ್ಟ ಕೂಡಲೇ ಮೂರು ಸಲ ಸೀನು ಬಂತು. ಒಂದು ಗಾಳೆಯಲ್ಲಿ, ಅಂದರೆ ಅಂಗಡಿ-ಗೋದಾಮಿನಲ್ಲಿ, ಕೂತಿದ್ದ ಹಿರಿಯ ಗುಮಾಸ್ತರೊಬ್ಬರು ನನ್ನ ಹುಚ್ಚು ನೋಡಿ ಚಹಾ ತರಿಸಿದರು. ಅವರು ಮೆಣಸನ್ನು ಕಚ್ಚಲಿಲ್ಲ. ಒಂದು ಅಳತೆಯ ಪಾತ್ರೆಗೆ ತುಂಬಿ, ಮೇಲೆ ಸಮ ಮಾಡಿ, ತಕ್ಕಡಿಗೆ ಇಟ್ಟರು. ಒಂದು ಲೀಟರ್ ಪಾತ್ರೆಯಲ್ಲಿ ಎಷ್ಟು ಗ್ರಾಂ ಮೆಣಸು ಹಿಡಿಯುತ್ತದೆ ಎಂಬುದಕ್ಕೆ ಲೀಟರ್ ತೂಕ ಎನ್ನುತ್ತಾರೆ. 550 ಗ್ರಾಂ ಅಂದರೆ ಗಟ್ಟಿ ಕಾಳು. ಕಡಿಮೆ ಬಂದರೆ ಜೊಳ್ಳು ಹೆಚ್ಚು ಎಂದು ಅರ್ಥ.

ಆಮೇಲೆ ಅವರು 'ಗಾರ್ಬಲ್ಡ್' ಎಂಬ ಮಾತು ಹೇಳಿದರು. ಇದು ಅರಬ್ಬಿಯಿಂದ ಬಂದ ಶಬ್ದ, ಜರಡಿ ಹಿಡಿದು ಸೋಸುವುದು ಎಂದು ಮೂಲಾರ್ಥ. ಆಗ್‌ಮಾರ್ಕ್ ದರ್ಜೆಗಳಲ್ಲಿ ಮಲಬಾರ್ ಗಾರ್ಬಲ್ಡ್ ಒಂದು ಎಂಬುದು ಇದೆ, ಎಂ.ಜಿ.-1 ಎಂದು ಬರೆಯುತ್ತಾರೆ. ಆ ದರ್ಜೆಗೆ ತೇವಾಂಶ ಶೇ 11 ಮೀರಬಾರದು, ಜೊಳ್ಳು ಶೇ 2 ಮೀರಬಾರದು, ಕಸಕಡ್ಡಿ ಶೇ ಅರ್ಧ ಮೀರಬಾರದು. ಊರಿನಲ್ಲಿ 'ಮೆಣಸು' ಎಂಬ ಒಂದೇ ಹೆಸರಿನಲ್ಲಿ ಹೊರಟ ಮಾಲು ಇಲ್ಲಿಗೆ ಬರುವಷ್ಟರಲ್ಲಿ ಹಲವು ಹೆಸರು, ಹಲವು ದರ ಪಡೆದಿರುತ್ತದೆ. ಆ ಹೆಸರಿಡುವ ಕೆಲಸ ಬೆಳೆದವನ ಕಣ್ಣೆದುರು ಆಗುವುದಿಲ್ಲ.

ಮೂರು ಲೆಕ್ಕಗಳು

ನನಗೆ ತಿಳಿದ ಮಟ್ಟಿಗೆ ಬೆಳೆಗಾರನ ಕೈ ತಪ್ಪುವ ಹಣ ಮೂರು ಜಾಗದಲ್ಲಿ ತಪ್ಪುತ್ತದೆ: ತೂಕ, ದರ್ಜೆ, ಕಾಲ.

ಮೊದಲು ತೂಕ. ಶೇ 15 ತೇವ ಇರುವ 100 ಕಿಲೋ ಮೆಣಸಿನಲ್ಲಿ ನೀರು 15 ಕಿಲೋ, ಒಣ ಪದಾರ್ಥ 85 ಕಿಲೋ. ಇದನ್ನೇ ಶೇ 11ಕ್ಕೆ ಒಣಗಿಸಿದರೆ 85ನ್ನು 0.89ರಿಂದ ಭಾಗಿಸಬೇಕು, ಸುಮಾರು 95 ಕಿಲೋ 500 ಗ್ರಾಂ ಬರುತ್ತದೆ. ಅಂದರೆ ಕೊಳ್ಳುವವನು ನಾಲ್ಕೂವರೆ ಕಿಲೋ ಕಡಿತ ಮಾಡಿದರೆ ಅದು ನ್ಯಾಯ. ಎಂಟು ಕಿಲೋ ಕಡಿದರೆ ಮೂರೂವರೆ ಕಿಲೋ ಹೆಚ್ಚು ಹೋಯಿತು. ಕಿಲೋಗೆ 600 ರೂಪಾಯಿ ಎಂದು ಹಿಡಿದರೆ 2,100 ರೂಪಾಯಿ. ಈ ಲೆಕ್ಕಕ್ಕೆ ಬೇಕಾದ್ದು ಒಂದು ತೇವಮಾಪಕ ಮತ್ತು ಐದನೇ ಇಯತ್ತೆಯ ಗಣಿತ.

ಈಗ ಅಜ್ಜಿಯ ಚೀಟಿಗೆ ಬರೋಣ. 112ರಲ್ಲಿ 9 ಕಡಿತ. ಎರಡು ಗೋಣಿಚೀಲದ ತೂಕ ಎರಡು ಕಿಲೋ ಎಂದು ಬಿಟ್ಟುಬಿಡೋಣ. ಉಳಿದದ್ದು 110ಕ್ಕೆ 7. ಇದು ಪೂರ್ತಿ ತೇವಕ್ಕೆ ಅಂತಾದರೆ ಅಜ್ಜಿಯ ಮೆಣಸಿನಲ್ಲಿ ಶೇ 16ಕ್ಕಿಂತ ಹೆಚ್ಚು ತೇವ ಇದ್ದಿರಬೇಕು. ಅಷ್ಟು ತೇವದ ಮೆಣಸನ್ನು ಚೀಲದಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ, ಹಲ್ಲಿಗೆ ಕಟಕ್ ಅನ್ನುವುದಿಲ್ಲ. ಅಜ್ಜಿ ಮನೆಗೆಂದು ಡಬ್ಬಿಯಲ್ಲಿ ಇಟ್ಟುಕೊಂಡ ಅದೇ ಮೆಣಸು ಮೇ ತಿಂಗಳಲ್ಲೂ ಗರಿಗರಿ ಇತ್ತು. ವ್ಯಾಪಾರಿ ಮೋಸ ಮಾಡಿದನೆಂದು ನಾನು ಹೇಳುತ್ತಿಲ್ಲ. ಅವನು ಜೊಳ್ಳಿಗೆ, ಧೂಳಿಗೆ, ಸಾಗಣೆಗೆ ಎಂದೂ ಕಡಿದಿರಬಹುದು. ನಾನು ಅಲ್ಲಿ ಇರಲಿಲ್ಲ. ಚೀಟಿಯಲ್ಲಿ 9ರ ಮುಂದೆ ಕಾರಣ ಬರೆದಿರಲಿಲ್ಲ, ಅಜ್ಜಿಗೆ ಕೇಳಲು ತಿಳಿದಿರಲಿಲ್ಲ. ನನ್ನ ತಕರಾರು ಇಷ್ಟೇ.

ಎರಡನೆಯದು ದರ್ಜೆ. ಗಟ್ಟಿ ಕಾಳು, ಜೊಳ್ಳು, ಪುಡಿ ಎಲ್ಲವನ್ನೂ ಒಟ್ಟಿಗೆ ಮಾರಿದರೆ ಒಟ್ಟಿಗೆ ಒಂದೇ ದರ, ಅದೂ ಕೆಳಗಿನ ದರ. ಮನೆಯಲ್ಲೇ ಜರಡಿ ಹಿಡಿದು ಬೇರೆ ಮಾಡಿದರೆ ಜೊಳ್ಳಿಗೂ ಗಿರಾಕಿ ಇದ್ದಾನೆ; ಎಣ್ಣೆ ಮತ್ತು ಸತ್ವ ತೆಗೆಯುವ ಕಾರ್ಖಾನೆಗಳು ಅದನ್ನು ಕೊಳ್ಳುತ್ತವೆ. ಬ್ಯಾಡಗಿ ಮೆಣಸಿನಕಾಯಿಗೂ ಇದೇ ಮಾತು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಆ ಕಾಯಿಗೆ ಖಾರಕ್ಕಿಂತ ಬಣ್ಣಕ್ಕೇ ಹೆಚ್ಚು ಬೆಲೆ. ಆ ಬಣ್ಣವನ್ನು ಪ್ರಯೋಗಾಲಯದಲ್ಲಿ ಅಂಕಿಯಲ್ಲಿ ಅಳೆಯುತ್ತಾರೆ, ಬೆಳೆದವನು ಕಣ್ಣಳತೆಯಲ್ಲಿ ಮಾರುತ್ತಾನೆ.

ಮೂರನೆಯದು ಕಾಲ. ಕೊಯ್ಲಿನ ಹೊತ್ತಿಗೆ ಎಲ್ಲರ ಮಾಲೂ ಒಮ್ಮೆಗೇ ಬರುತ್ತದೆ, ಎಲ್ಲರಿಗೂ ಒಮ್ಮೆಗೇ ದುಡ್ಡು ಬೇಕು. ಕಾಯಬೇಕೆಂದರೆ ಕಾಯುವುದಕ್ಕೂ ಖರ್ಚಿದೆ. ಉದಾಹರಣೆಗೆ: 100 ಕಿಲೋ, ದರ 600, ಒಟ್ಟು 60,000 ರೂಪಾಯಿ. ಮಾರದೆ ಗೋದಾಮಿನಲ್ಲಿಟ್ಟು ಅದರ ಮೇಲೆ ಶೇ 60 ಅಡಮಾನ ಸಾಲ ಪಡೆದರೆ 36,000 ಕೈಗೆ ಬರುತ್ತದೆ. ವರ್ಷಕ್ಕೆ ಶೇ 9ರಂತೆ ನಾಲ್ಕು ತಿಂಗಳ ಬಡ್ಡಿ 1,080. ಗೋದಾಮಿನ ಬಾಡಿಗೆ 300 ಎಂದು ಹಿಡಿಯಿರಿ. ಒಣಗಿ ಒಂದು ಕಿಲೋ ಕಡಿಮೆಯಾಯಿತು ಅನ್ನಿ; ಉಳಿದದ್ದು 99 ಕಿಲೋ. 61,380ನ್ನು 99ರಿಂದ ಭಾಗಿಸಿದರೆ 620. ಅಂದರೆ ನಾಲ್ಕು ತಿಂಗಳಲ್ಲಿ ದರ 620 ದಾಟುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ಕಾಯಬೇಕು, ಇಲ್ಲದಿದ್ದರೆ ಈಗಲೇ ಮಾರುವುದು ಲೇಸು. "ಇಟ್ಟರೆ ಬಂಗಾರ" ಎಂಬ ಮಾತೂ ಸುಳ್ಳು, "ಬಂದಷ್ಟಕ್ಕೆ ಕೊಡು" ಎಂಬ ಮಾತೂ ಸುಳ್ಳು. ಎರಡರ ನಡುವೆ 620 ಎಂಬ ಒಂದು ಅಂಕಿ ಇದೆ. ಅದನ್ನು ತೆಗೆದು ಹೇಳುವವನು ಊರಲ್ಲಿ ಒಬ್ಬ ಇರಬೇಕು. ಬಿ.ಕಾಂ. ಪದವೀಧರನಿಗೆ ಅಲ್ಲಿ ಕೆಲಸವಿದೆ ಅಂದರೆ ಅದು ಇದು.

ಬೇರೆ ದೇಶಗಳಲ್ಲಿ ನಡೆದದ್ದು

ಇನ್ನು ಸಮುದ್ರದಾಚೆಯ ಎರಡು ದ್ವೀಪಗಳ ಕಥೆ ನೋಡೋಣ. ಎರಡೂ ಮಸಾಲೆಯನ್ನೇ ನಂಬಿದಂಥವು.

ಒಂದು ಆಫ್ರಿಕದ ಪೂರ್ವ ಕರಾವಳಿಯ ಜಂಜೀಬಾರ್. 19ನೇ ಶತಮಾನದಲ್ಲಿ ಒಮಾನಿನ ಸುಲ್ತಾನ ಸಯ್ಯಿದ್ ಸಯೀದನ ಕಾಲದಲ್ಲಿ ಅಲ್ಲಿ ಲವಂಗದ ತೋಟಗಳು ಹಬ್ಬಿದವು. ತೋಟಗಳಲ್ಲಿ ದುಡಿದವರು ಗುಲಾಮರು. ವ್ಯಾಪಾರ ಮತ್ತು ಸಾಲದ ವ್ಯವಹಾರ ಬಹಳಷ್ಟು ಕಚ್ಛ್ ಮತ್ತು ಗುಜರಾತಿನಿಂದ ಹೋದ ವರ್ತಕರ ಕೈಯಲ್ಲಿತ್ತು. 1930ರ ದಶಕದಲ್ಲಿ ಬ್ರಿಟಿಷ್ ಆಡಳಿತ 'ಲವಂಗ ಬೆಳೆಗಾರರ ಸಂಘ' ಎಂಬ ಹೆಸರಿನಲ್ಲಿ ಒಂದು ಸಂಸ್ಥೆ ಮಾಡಿ, 1937ರಲ್ಲಿ ಖರೀದಿಯ ಹಕ್ಕನ್ನೆಲ್ಲ ಅದಕ್ಕೇ ಕೊಟ್ಟಿತು. ಭಾರತೀಯ ವರ್ತಕರಿಗೆ ಪೆಟ್ಟು ಬಿತ್ತು. ಆಗ ಇಲ್ಲಿ ಕಾಂಗ್ರೆಸ್ಸು ಜಂಜೀಬಾರಿನ ಲವಂಗಕ್ಕೆ ಬಹಿಷ್ಕಾರ ಹಾಕಿತು. ಮುಂಬಯಿಯ ಪೇಟೆಯಲ್ಲಿ ಲವಂಗ ಕೊಳ್ಳುವುದು ನಿಂತಿತು. 1938ರಲ್ಲಿ ರಾಜಿಯಾಯಿತು. ಎರಡು ಕಡೆಯವರೂ ಬೆಳೆಗಾರನ ಹೆಸರು ಹೇಳಿಯೇ ಜಗಳವಾಡಿದ್ದು ಎಂಬುದನ್ನು ಗಮನಿಸಬೇಕು. 1964ರ ಕ್ರಾಂತಿಯ ನಂತರ ಖರೀದಿ ಸರ್ಕಾರದ ಕೈಗೆ ಹೋಯಿತು. ದಶಕಗಟ್ಟಲೆ ಬೆಳೆಗಾರನಿಗೆ ಸಿಕ್ಕ ದರಕ್ಕೂ ಲೋಕದ ಪೇಟೆಯ ದರಕ್ಕೂ ಅಜಗಜಾಂತರವಿದ್ದು, ಲವಂಗ ರಾತ್ರಿ ದೋಣಿಯಲ್ಲಿ ಕೀನ್ಯಾಕ್ಕೆ ಕಳ್ಳಸಾಗಣೆಯಾಗುತ್ತಿತ್ತು. ಬೆಳೆಗಾರರ ಹೆಸರಿನಲ್ಲಿ ಸಂಸ್ಥೆ ಇದ್ದರೆ ಸಾಲದು, ಅದರ ಲೆಕ್ಕ ಬೆಳೆಗಾರನಿಗೆ ಕಾಣಬೇಕು.

ಇನ್ನೊಂದು ಕೆರಿಬಿಯನ್ ಸಮುದ್ರದ ಗ್ರೆನೇಡಾ. ಜಾಯಿಕಾಯಿಯನ್ನು ಧ್ವಜದ ಮೇಲೆಯೇ ಇಟ್ಟುಕೊಂಡ ದೇಶ. ಅಲ್ಲಿಯ ಬೆಳೆಗಾರರು 1947ರಲ್ಲಿ ಸಹಕಾರಿ ಸಂಘ ಕಟ್ಟಿದರು. ಮಾಲು ತಂದಾಗ ಮುಂಗಡ ದರ ಕೊಡುವುದು, ವರ್ಷದ ಕೊನೆಗೆ ಮಾರಾಟದಲ್ಲಿ ಉಳಿದದ್ದನ್ನು ತಂದ ತೂಕದ ಪ್ರಕಾರ ಹಂಚುವುದು ಅದರ ಪದ್ಧತಿ. 2004ರ ಸೆಪ್ಟೆಂಬರಿನಲ್ಲಿ ಐವಾನ್ ಎಂಬ ಚಂಡಮಾರುತ ಬಂದು ಜಾಯಿಕಾಯಿ ಮರಗಳಲ್ಲಿ ಬಹುಪಾಲು ಉರುಳಿಸಿತು. ಹೊಸ ಗಿಡ ಕಾಯಿ ಬಿಡಲು ಐದಾರು ವರ್ಷವಾದರೂ ಬೇಕು. ಆರು ವಾರದ ಸರ್ಟಿಫಿಕೇಟಿಗೆ ಹೋದವನು ಇಂಥ ಕಡೆ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳಬಹುದು. ಆದರೆ ಐದು ವರ್ಷ ಆ ಮನೆ ಹೇಗೆ ನಡೆಯಬೇಕು ಎಂಬ ಲೆಕ್ಕಕ್ಕೆ ಅಲ್ಲೇ ಇರುವ ಸಂಘ ಬೇಕು.

ದೂರದ ದೇಶದ ಸಂಗತಿ ನಮಗೂ ತಟ್ಟುತ್ತದೆ. ಇಂದು ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಣಸು ಬೆಳೆಯುವುದು ನಾವಲ್ಲ, ವಿಯೆಟ್ನಾಂ. ಏಲಕ್ಕಿಯಲ್ಲಿ ಗ್ವಾಟೆಮಾಲ ನಮ್ಮನ್ನು ಹಿಂದೆ ಹಾಕಿದೆ. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಒಪ್ಪಂದದಂತೆ ಶ್ರೀಲಂಕಾದ ಮೆಣಸು ಸುಂಕ ರಿಯಾಯ್ತಿಯಲ್ಲಿ ಬರುತ್ತದೆ. ದರ ಕುಸಿದಾಗ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ದರ ನಿಗದಿ ಮಾಡಬೇಕಾಯಿತು. ಅಜ್ಜಿಯ ಅಂಗಳದ ದರ ಹನೋಯ್‌ನಲ್ಲಿ, ಕೊಲಂಬೊದಲ್ಲಿ, ದಿಲ್ಲಿಯಲ್ಲಿ ಅರ್ಧ ತೀರ್ಮಾನವಾಗಿರುತ್ತದೆ. ಇದನ್ನು ತಿಳಿಸಿ ಹೇಳುವುದೂ ವಾಣಿಜ್ಯ ಓದಿದವನ ಕೆಲಸವೇ.

ನಮ್ಮವರು ಮಾಡಿದ್ದು

ಹಾಗಂತ ಹೊರಗಿನವರು ಬಂದು ಕಲಿಸುವವರೆಗೆ ನಮ್ಮವರು ಕೈಕಟ್ಟಿ ಕೂತಿರಲಿಲ್ಲ. 1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಶಿರಸಿಯಲ್ಲಿ 1923ರಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿತು. ಎಲ್ಲರೂ ಟಿ.ಎಸ್.ಎಸ್. ಎನ್ನುತ್ತಾರೆ. ಅಡಿಕೆ ಅದರ ಮುಖ್ಯ ಮಾಲು, ಜೊತೆಗೆ ಮೆಣಸು, ಏಲಕ್ಕಿ. ಸದಸ್ಯ ತಂದ ಮಾಲನ್ನು ಎಲ್ಲರೆದುರು ತೂಗಿ, ರಾಶಿ ಹಾಕಿ, ಹಲವು ವ್ಯಾಪಾರಿಗಳು ದರ ಹೇಳುವಂತೆ ಮಾಡುವುದು ಇಂಥ ಸೊಸೈಟಿಗಳ ಜೀವಾಳ. 1973ರಲ್ಲಿ ಅಡಿಕೆ ಬೆಲೆ ಬಿದ್ದ ಸಂಕಟದ ನಡುವೆ ವಾರಣಾಶಿ ಸುಬ್ರಾಯ ಭಟ್ಟರು ಮಂಗಳೂರಿನಲ್ಲಿ ಕ್ಯಾಂಪ್ಕೋ ಸ್ಥಾಪಿಸಿದರು. ಕಾಸರಗೋಡಿನ ಕಡೆಯವರನ್ನೂ ಸೇರಿಸಿಕೊಂಡು ಎರಡು ರಾಜ್ಯಗಳ ಬೆಳೆಗಾರರ ಸಂಸ್ಥೆಯಾಗಿ ಅದು ಬೆಳೆಯಿತು. ಈಗ ಮೆಣಸನ್ನೂ ಕೊಳ್ಳುತ್ತದೆ. ಇವರ್ಯಾರೂ ವಿಮಾನ ಹತ್ತಿ ಬಂದ ಸ್ವಯಂಸೇವಕರಲ್ಲ. ಅದೇ ಮಣ್ಣಿನವರು.

ಆದರೂ ಸಂಸ್ಥೆ, ಮಾರುಕಟ್ಟೆ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಬ್ಯಾಡಗಿಯಲ್ಲಿ 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದ ಸಿಟ್ಟಿನಲ್ಲಿ ಎ.ಪಿ.ಎಂ.ಸಿ. ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ನಿನ್ನೆಯ ದರ ಇವತ್ತು ಯಾಕಿಲ್ಲ ಎಂಬ ಪ್ರಶ್ನೆಗೆ ರೈತನಿಗೆ ಅರ್ಥವಾಗುವ ಉತ್ತರ ಆ ಹೊತ್ತಿಗೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಮತ್ತೆ ಅಜ್ಜಿಯ ಮನೆ

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದ ಪ್ರಶ್ನೆ, ಸೊಸೈಟಿ ಇರುವ ಸೀಮೆಯಲ್ಲಿ ಅಜ್ಜಿ ಮನೆಬಾಗಿಲಲ್ಲಿ ಮಾರಿದ್ದೇಕೆ? ಫೋನ್ ಮಾಡಿ ಕೇಳಿದೆ. "ಸೊಸೈಟಿ ಅಜ್ಜನ ಹೆಸರಲ್ಲಿತ್ತಪ್ಪಾ. ಅವರು ಹೋದಮೇಲೆ ನನ್ನ ಯಾರು ಕೇಳ್ತ್ರು?" ಅಂದಳು. ಅಜ್ಜ ತೀರಿಹೋಗಿ ನಾಲ್ಕು ವರ್ಷ. ಷೇರು ಪತ್ರ ಟ್ರಂಕಿನಲ್ಲಿ, ಅವರ ಪಂಚೆಯ ಮಡಿಕೆಯಲ್ಲಿ ಇತ್ತು. ಸದಸ್ಯತ್ವವನ್ನು ಹೆಂಡತಿಯ ಹೆಸರಿಗೆ ವರ್ಗ ಮಾಡಿಸಲು ಬೇಕಾದ್ದು ಒಂದು ಅರ್ಜಿ, ಮರಣ ಪ್ರಮಾಣಪತ್ರ, ಒಂದೆರಡು ಸಹಿ. ಮುಂಬಯಿಯಲ್ಲಿ ನಾವಿದ್ದೇವೆ, ಹುಬ್ಬಳ್ಳಿಯಲ್ಲಿ ಚಿಕ್ಕಪ್ಪ ಇದ್ದಾರೆ, ಮನೆಯಲ್ಲಿ ಪದವಿ ಓದಿದವರು ಐದು ಜನ. ಒಬ್ಬರೂ ಆ ಅರ್ಜಿ ಬರೆದಿರಲಿಲ್ಲ. ಆಸ್ಪತ್ರೆ ಖರ್ಚಿಗೆ ಡಿಸೆಂಬರಿನಲ್ಲಿ ದುಡ್ಡು ಬೇಕಾದಾಗ ಮುಂಗಡ ಕೊಟ್ಟವನು ವ್ಯಾಪಾರಿ. ಆಗಲೇ ಮಾಲು ಅವನದಾಗಿತ್ತು. ಫೆಬ್ರವರಿಯಲ್ಲಿ ತೂಗಿದ್ದು ಬರೀ ಶಾಸ್ತ್ರಕ್ಕೆ.

ನನಗೆ ನಾಚಿಕೆಯಾಯಿತು. ಆ ದ್ವೀಪಕ್ಕೆ ಹೋಗಲು ನಾನು ಪಾಸ್‌ಪೋರ್ಟಿನ ಅರ್ಜಿಯನ್ನು ಅರ್ಧ ತುಂಬಿದ್ದೆ!

ಹಾಗಾದರೆ ಹೋಗಬಾರದೇ?

ಹೋಗಬಾರದು ಎಂದು ನಾನು ಹೇಳುವುದಿಲ್ಲ. ಲಿಲಿಯನ್ ಕಾರ್ಟರ್ ವಿಕ್ರೋಲಿಗೆ ಬಂದಿದ್ದು ಒಳ್ಳೆಯದೇ ಆಯಿತು. ಆದರೆ ಹೋಗುವವನು ಕೆಲವು ಪ್ರಶ್ನೆ ಕೇಳಿಕೊಂಡು ಹೋಗಲಿ.

ಕರೆದವರು ಯಾರು? ಬೆಳೆಗಾರರ ಸಂಘವೇ ಇಂಥ ಕೆಲಸಕ್ಕೆ ಇಂಥವನು ಬೇಕು ಎಂದು ಕೇಳಿದೆಯೇ, ಅಥವಾ ನಾವು ಕೊಡುವ ಶುಲ್ಕವೇ ಕೆಲಸವೇ?

ಯಾವ ತಿಂಗಳು? ನಮ್ಮ ಪರೀಕ್ಷೆ ಮಾರ್ಚ್-ಏಪ್ರಿಲ್, ನಮ್ಮ ರಜೆ ಮೇ. ಮೆಣಸಿನ ತೂಕ ನಡೆಯುವುದು ಅದಕ್ಕೂ ಮೊದಲು. ನಮ್ಮ ರಜೆಯ ಪ್ರಕಾರ ಹೋದರೆ ಖಾಲಿ ಗೋದಾಮು ನೋಡಿಕೊಂಡು ಬರಬೇಕು.

ಯಾವ ಭಾಷೆ? ಇದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಪ್ರಶ್ನೆ. ಹತ್ತನೆಯವರೆಗೆ ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಜಮಾ, ಖರ್ಚು, ಶಿಲ್ಕು, ಬಡ್ಡಿ, ಅಸಲು ಎಂದು ಕಲಿತೆ. ಕಾಲೇಜಿಗೆ ಬಂದಾಗ ಡೆಬಿಟ್-ಕ್ರೆಡಿಟ್ ಕೇಳಿ ಮೊದಲ ವರ್ಷ ತಲೆ ತಿರುಗಿತು. ಹಿಂದಿನ ಬೆಂಚಿನಲ್ಲಿ ಕೂತು ಮನಸ್ಸಿನಲ್ಲೇ ಕನ್ನಡಕ್ಕೆ ಮಾಡಿಕೊಂಡು ಪಾಸಾದೆ. ಅದನ್ನು ದೊಡ್ಡ ಕೊರತೆ ಎಂದು ತಿಳಿದಿದ್ದೆ. ಆದರೆ 620ರ ಲೆಕ್ಕವನ್ನು ಅಜ್ಜಿಗೆ ಫೋನಿನಲ್ಲಿ ಹೇಳಿದಾಗ ಅವಳಿಗೆ ಒಂದೇ ಸಲಕ್ಕೆ ತಿಳಿಯಿತು, ಯಾಕೆಂದರೆ ನಾನು ಬಡ್ಡಿ, ಬಾಡಿಗೆ, ಒಣಗಿದ್ದು ಎಂದು ಹೇಳಿದೆ. ಹೊರದೇಶದ ದ್ವೀಪದಲ್ಲಿ ಇದೇ ಮಾತನ್ನು ಸ್ವಾಹಿಲಿಯಲ್ಲಿ ಹೇಳಲು ನನಗೆ ಎಷ್ಟು ವರ್ಷ ಬೇಕು?

ಕೊನೆಯದಾಗಿ, ನಾನು ಬಂದ ಮೇಲೆ ಉಳಿಯುವುದೇನು? ನಾನು ಬರೆದ ಪುಸ್ತಕವನ್ನು ಮಾರನೇ ದಿನ ಬರೆಯುವವರು ಅಲ್ಲೇ ಒಬ್ಬರು ತಯಾರಾಗದಿದ್ದರೆ ನಾನು ಹೋದದ್ದು ಪ್ರವಾಸ ಅಷ್ಟೇ. ದೇಶದೊಳಗೂ ದಾರಿಗಳಿವೆ. ನಮ್ಮಲ್ಲಿ 1969ರಿಂದ ಎನ್.ಎಸ್.ಎಸ್. ಇದೆ, ಪದವೀಧರರನ್ನು 13 ತಿಂಗಳು ಹಳ್ಳಿಗೆ ಕಳಿಸುವ ಎಸ್.ಬಿ.ಐ. ಯೂತ್ ಫಾರ್ ಇಂಡಿಯಾ 2011ರಲ್ಲಿ ಶುರುವಾಯಿತು. ಆರು ವಾರಕ್ಕಿಂತ 13 ತಿಂಗಳು ಮೇಲು, ಯಾಕೆಂದರೆ ಅದರಲ್ಲಿ ಒಂದು ಕೊಯ್ಲಾದರೂ ಪೂರ್ತಿ ಬರುತ್ತದೆ.

ನಾನು ದ್ವೀಪದ ಅರ್ಜಿ ಕಳಿಸಲಿಲ್ಲ. ದೀಪಾವಳಿ ರಜೆಯಲ್ಲಿ ಊರಿಗೆ ಹೋಗಿ ಅಜ್ಜಿಯ ಹೆಸರಿಗೆ ಸದಸ್ಯತ್ವ ವರ್ಗ ಮಾಡುವ ಅರ್ಜಿ ಬರೆದುಕೊಟ್ಟೆ. ಕಾರ್ಯದರ್ಶಿಗಳು ಓದಿ, "ಅಕ್ಷರ ಚೆನ್ನಾಗಿದೆ, ಇನ್ನೂ ಮೂರು ಮನೆಯವರದ್ದು ಹೀಗೇ ಉಳಿದಿದೆ, ಬರೆದುಕೊಡ್ತೀಯಾ?" ಅಂದರು. ಮೂರರಲ್ಲಿ ಎರಡು ಬರೆದೆ; ಒಂದು ಮನೆಯಲ್ಲಿ ಅಣ್ಣ-ತಮ್ಮಂದಿರ ವ್ಯಾಜ್ಯವಿತ್ತು, ಅದಕ್ಕೆ ಬಿ.ಕಾಂ. ಸಾಲದು. ಪಕ್ಕದ ಮನೆಯ ಹುಡುಗಿ ಒಂಬತ್ತನೇ ತರಗತಿ. ಅವಳಿಗೆ ತೇವದ ಲೆಕ್ಕ ಹೇಳಿಕೊಟ್ಟು ಬಂದಿದ್ದೇನೆ. ತೇವಮಾಪಕ ಕೊಳ್ಳಲು ಐದು ಮನೆಯವರು ಸೇರಿ ದುಡ್ಡು ಹಾಕುವ ಮಾತು ನಡೆದಿದೆ, ಇನ್ನೂ ಕೊಂಡಿಲ್ಲ.

ನಮ್ಮ ಕೂಟದಲ್ಲಿ ಮಲೆನಾಡಿನವರು, ಕರಾವಳಿಯವರು, ಹಾವೇರಿ ಕಡೆಯವರು ಬಹಳ ಜನ ಇದ್ದೀರಿ. ಈ ಸಲ ಊರಿಗೆ ಹೋದಾಗ ಗೋಡೆಯ ಮೊಳೆಗೆ ಚುಚ್ಚಿದ ಚೀಟಿಗಳನ್ನು ಒಮ್ಮೆ ಕೆಳಗಿಳಿಸಿ ಓದಿ. ಕಾರಣ ಬರೆಯದ 9 ಯಾರ ಮನೆಯಲ್ಲಾದರೂ ಸಿಕ್ಕರೆ ನನಗೆ ತಿಳಿಸಿ. ಕೂತು ಲೆಕ್ಕ ಹಾಕೋಣ.